ರಾಗಿ ಮಾಲ್ಟಿಗೆ ಬೆರೆಸಿದ ಕೆಂಪು ಮಾತ್ರೆ

ನನ್ನ ಗಂಡನ ಹೊಟ್ಟೆಯಲ್ಲಿ ಹುಣ್ಣೂ ಇರಲಿಲ್ಲ, ಗಿಣ್ಣೂ ಇರಲಿಲ್ಲ. ಇದ್ದದ್ದು ನಾನು ಕದ್ದು ಹಾಕಿದ ಕಬ್ಬಿಣದ ಮಾತ್ರೆ. ಅದನ್ನು ಮುಚ್ಚಿಟ್ಟು, ಅವರ ಗಂಟಲಿಗೆ ಪೈಪು ಇಳಿಸುವ ಹಾಗೆ ಮಾಡಿದವಳೂ ನಾನೇ. ಇಷ್ಟು ವರ್ಷ ಹೇಳಿರಲಿಲ್ಲ — ಈಗ ಹೇಳುತ್ತಿದ್ದೇನೆ.

ಆಗ ಪೀಣ್ಯದಲ್ಲಿ ಮೆಟ್ರೋ ಕಂಬಗಳು ಎದ್ದಿದ್ದವು, ರೈಲು ಬಂದಿರಲಿಲ್ಲ. ನಮ್ಮ ಯಜಮಾನರು ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತು ರಿಟೈರ್ ಆದವರು. ಎದೆನೋವು ಬಂತು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟಬಾರದು ಎಂದು ಎರಡು ಮಾತ್ರೆ ಬರೆದರು — ಒಂದು ಬಿಳಿ, ಒಂದು ಗುಲಾಬಿ. ಮೆಡಿಕಲ್ ಶಾಪಿನವನು, "ರಕ್ತ ತೆಳು ಮಾಡೋ ಮಾತ್ರೆ ಕಣಮ್ಮ, ಒಂದಿನಾನೂ ತಪ್ಪಿಸ್ಬೇಡಿ" ಅಂದ.

ತೆಳು ಎಂಬುದೇ ನನಗೆ ಹಿಡಿಸಲಿಲ್ಲ. ನಾಲ್ಕನೇ ಕ್ಲಾಸು ಓದಿದವಳಿಗೆ ತೆಳು ಅಂದರೆ ನೀರು ಬೆರೆಸಿದ ಹಾಲು. ಅದಕ್ಕೆ ಸರಿಯಾಗಿ ಇವರು ಗಡ್ಡ ಹೆರೆಯುವಾಗ ಬ್ಲೇಡು ತಾಗಿದರೆ ಟವೆಲ್ ನೆನೆಯುತ್ತಿತ್ತು. ಮೊಣಕೈ ಬಾಗಿಲಿಗೆ ತಗುಲಿದರೆ ನೇರಳೆ ಹಣ್ಣಿನ ಬಣ್ಣ. ಮನುಷ್ಯ ಬಿಳಿಚಿಕೊಂಡ ಹಾಗೂ ಕಂಡರು. ಡಾಕ್ಟರು ತೆಳು ಮಾಡಲಿ, ನಾನು ಗಟ್ಟಿ ಮಾಡುತ್ತೇನೆ — ಹೀಗೆ ಯೋಚಿಸಿದೆ, ಅದನ್ನು ಯೋಚನೆ ಎನ್ನುವುದಾದರೆ.

ಬೀರುವಿನಲ್ಲಿ ಮಗಳು ಸುಧಾ ಬಾಣಂತನಕ್ಕೆ ಬಂದಾಗ ಉಳಿಸಿ ಹೋದ ರಕ್ತ ಹೆಚ್ಚಿಸುವ ಕೆಂಪು ಮಾತ್ರೆಗಳಿದ್ದವು. ಅವಳಿಗೆ ಕೆನ್ನೆ ತುಂಬಿತ್ತಲ್ಲ — ಅಪ್ಪನಿಗೂ ತುಂಬಲಿ. ದಿನಕ್ಕೆರಡು ಕುಟ್ಟಿ, ಹಾಲು ಹಾಕಿದ ರಾಗಿ ಮಾಲ್ಟಿಗೆ ಬೆರೆಸಿದೆ.

"ಮಾಲ್ಟು ತುಕ್ಕು ವಾಸ್ನೆ ಬರ್ತೈತಲ್ಲೇ?"

"ಫ್ಯಾಕ್ಟ್ರಿ ಬಿಟ್ಟು ನಾಕು ವರ್ಷ ಆಯ್ತು, ನಿಮ್ಮ ಮೂಗು ಇನ್ನೂ ಲೇತ್ ಹತ್ರಾನೇ ಐತೆ. ಕುಡೀರಿ ಸುಮ್ನೆ."

ಕುಡಿದರು. ಒಂದು ವಾರ ಕುಡಿದರು. ಆಮೇಲೆ ಒಂದು ಬೆಳಿಗ್ಗೆ ಬಚ್ಚಲುಮನೆ ಕಡೆಯಿಂದ ಮುಖ ಸಣ್ಣ ಮಾಡಿಕೊಂಡು ಬಂದರು.

"ಲೇ, ಟಾರು ಇದ್ದಂಗೈತೆ ಕಣೇ. ಮೆಟ್ರೋದವ್ರಿಗೆ ಕೊಟ್ರೆ ರೋಡಿಗೆ ಹಾಕ್ಕೊಳ್ತಾರೆ."

ನಗಲಿಲ್ಲ ಇಬ್ಬರೂ. ಆಸ್ಪತ್ರೆಗೆ ಹೋದೆವು. ಮಲ ಕಪ್ಪಾಗಿದೆ ಅಂದಕೂಡಲೇ ಡಾಕ್ಟರ ಮುಖವೂ ಸಣ್ಣದಾಯಿತು. ಈ ಮಾತ್ರೆಗಳಿಂದ ಕೆಲವರಿಗೆ ಹೊಟ್ಟೆಯೊಳಗೆ ರಕ್ತ ಸೋರಿ ಹೀಗಾಗುತ್ತದಂತೆ. ನನ್ನ ಕಡೆ ತಿರುಗಿ ಕೇಳಿದರು.

"ಇವೆರಡು ಬಿಟ್ಟು ಬೇರೆ ಏನಾದ್ರೂ ಕೊಡ್ತಿದೀರಾಮ್ಮ?"

"ಏನೂ ಇಲ್ಲ ಸಾರ್."

ಆ ಮಾತು ಬಾಯಿಂದ ಬೀಳುವಾಗಲೇ ಕಾರಣ ನನಗೆ ಗೊತ್ತಿತ್ತು. ಸುಧಾಗೂ ಆ ಮಾತ್ರೆಯಲ್ಲಿ ಹಾಗೇ ಕಪ್ಪಾಗಿತ್ತು, ನಾನೇ ಹೆದರಬೇಡ ಅಂದಿದ್ದೆ. ಆದರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ದಡ್ಡರು ಯಜಮಾನರು ಎಂಬುದು ಮದುವೆಯಾದ ವರ್ಷವೇ ತೀರ್ಮಾನವಾಗಿತ್ತು — ಅದನ್ನು ಅವರ ಎದುರಿಗೆ, ಅದೂ ಡಾಕ್ಟರ ಮುಂದೆ ಬದಲಾಯಿಸಿಕೊಳ್ಳಲು ನನಗೆ... ಇರಲಿ.

ಮಾರನೆಯ ದಿನ ಉಪವಾಸ ಕೆಡವಿ ಪೈಪು ಇಳಿಸಿದರು. ಒಳಗೆ ಏನೂ ಸಿಗಲಿಲ್ಲ. ಹೊರಗೆ ಬಂದ ಯಜಮಾನರು ಗಂಟಲು ಹಿಡಿದುಕೊಂಡು, "ಬೋರ್‌ವೆಲ್ ಹಾಕಿದ್ರು ಕಣೇ, ನೀರು ಬರ್ಲಿಲ್ಲ" ಅಂದರು. ನಾನು ಸೀರೆ ಸೆರಗು ಸರಿಮಾಡಿಕೊಂಡೆ.

ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. "ಸ್ಟೆಂಟ್ ಹಾಕಿ ಎರಡೇ ತಿಂಗಳು. ಗುಲಾಬಿ ಮಾತ್ರೆ ನಿಲ್ಸಿದ್ರೆ ಅದು ಕಟ್ಕೊಳ್ಳೋ ಭಯ. ನಿಲ್ಸದೇ ಇದ್ರೆ ರಕ್ತ ಹೋಗೋ ಭಯ. ನಾಳೆಯಿಂದ ಅದನ್ನ ಕೊಡ್ಬೇಡಿ. ಬುಧವಾರ ಕೆಳಗಡೆಯಿಂದ ಪೈಪ್ ಹಾಕಿ ನೋಡೋಣ."

ಕೆಳಗಡೆಯಿಂದ ಅಂದದ್ದಕ್ಕೆ ಯಜಮಾನರು ಹೆದರಿದರು. ನಾನು ಹೆದರಿದ್ದು ಮೊದಲಿನ ಮಾತಿಗೆ. ಅವರನ್ನು ಬದುಕಿಸಿದ ಮಾತ್ರೆಯನ್ನು ನನ್ನ ಸುಳ್ಳು ನಿಲ್ಲಿಸುತ್ತಿತ್ತು.

ಆ ಸುಳ್ಳಿನ ಇನ್ನೊಂದು ಬಾಲ ಇಂದಿಗೂ ಇದೆ. ತನಗೆ ಹುಣ್ಣಾಗಿತ್ತು, ಪೈಪು ಹೋಗುವಷ್ಟರಲ್ಲಿ ಮಾಯ್ದಿತ್ತು ಎಂದು ಅವರೇ ನಂಬಿಕೊಂಡು ಖಾರ ಬಿಟ್ಟರು. ಹುರುಳಿ ಬಸ್ಸಾರಿಗೆ ಪ್ರಾಣ ಬಿಡುತ್ತಿದ್ದ ಮನುಷ್ಯ ಇಷ್ಟು ವರ್ಷದಿಂದ ಸಪ್ಪೆ ತಿನ್ನುತ್ತಿದ್ದಾರೆ. ಪಾರ್ಕಿನಲ್ಲಿ ಕೂತವರಿಗೆಲ್ಲ ಹೊಟ್ಟೆ ಹುಣ್ಣಿನ ಬಗ್ಗೆ ಉಪದೇಶ ಬೇರೆ. ನಾನು ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತೇನೆ. ಅದಕ್ಕೇ ಬರೆದೆ. ಅವರೇ ಓದಲಿ, ಕನ್ನಡಕ ಒರೆಸಿಟ್ಟಿದ್ದೇನೆ.

ಪೈಪು ಹಾಕಿದ ಮಾರನೆಯ ಬೆಳಿಗ್ಗೆ ನಾನು ಕೆಂಪು ಮಾತ್ರೆಯ ಖಾಲಿ ಶೀಟುಗಳನ್ನು ಸೆರಗಿಗೆ ಕಟ್ಟಿಕೊಂಡು, ಅವರಿಗೆ ಹೇಳದೆ ಬಸ್ಸು ಹತ್ತಿದೆ. ಡಾಕ್ಟರ ಮೇಜಿನ ಮೇಲೆ ಹರಡಿದೆ. "ಕೊಟ್ಟಿದ್ದು ನಾನೇ ಸಾರ್. ಕೇಳಿದಾಗ ಸುಳ್ಳು ಹೇಳ್ದೆ."

ಡಾಕ್ಟರು ಶೀಟು ತಿರುಗಿಸಿ ಹೆಸರು ಓದಿದರು. "ಅವ್ರ ರಕ್ತ ಸರಿಯಾಗೇ ಇತ್ತಲ್ಲಮ್ಮ. ಮಾತ್ರೆ ರಕ್ತಕ್ಕೆ ನೀರು ಬೆರೆಸಲ್ಲ, ರಕ್ತದ ಕಣಗಳು ಒಂದಕ್ಕೊಂದು ಅಂಟ್ಕೊಳ್ದಂಗೆ ನೋಡ್ಕೊಳುತ್ತೆ ಅಷ್ಟೆ. ಇನ್ನು ಕಬ್ಬಿಣ — ಅದನ್ನ ಹಾಲಲ್ಲಿ ಕೊಟ್ರೆ ಸರಿಯಾಗಿ ಮೈಗೂ ಹತ್ತಲ್ಲ." ಅಂದರೆ ನನ್ನ ಉಪಚಾರದಲ್ಲಿ ಯಜಮಾನರಿಗೆ ದಕ್ಕಿದ್ದು ಕಪ್ಪು ಒಂದೇ. ಆಮೇಲೆ ಡಾಕ್ಟರು ಚೀಟಿಯಲ್ಲಿ ಬುಧವಾರದ ಪೈಪನ್ನು ಹೊಡೆದುಹಾಕಿ, "ಗುಲಾಬಿ ಇವತ್ತೇ ಕೊಡಿ, ಈಗ್ಲೇ ಹೋಗಿ" ಅಂದರು.

ಮನೆಗೆ ಓಡಿದೆ. ಯಜಮಾನರು ಬಾಗಿಲಲ್ಲೇ ಇದ್ದರು.

"ಎಲ್ಲೋಗಿದ್ದೆ?"

"ಕೊತ್ತಂಬ್ರಿ ಸೊಪ್ಪಿಗೆ."

"ಸೊಪ್ಪೆಲ್ಲಿ?"

"ಬಾಡೋಗಿತ್ತು. ಡಾಕ್ಟ್ರು ಫೋನ್ ಮಾಡಿದ್ರು, ಮಾತ್ರೆ ನಿಲ್ಸೋದು ಬೇಡ್ವಂತೆ. ಕೈ ಚಾಚಿ."

ಚಾಚಿದರು. ಗುಲಾಬಿ ಮಾತ್ರೆ ಇಟ್ಟೆ. ನುಂಗಿ ನೀರು ಕುಡಿಯುವವರೆಗೂ ಕದಲದೆ ಅಲ್ಲೇ ನಿಂತಿದ್ದೆ.