ಮೂರು ಮಕ್ಕಳ ಸೀಟು, ಇಬ್ಬರು ವಾರಗಿತ್ತಿಯರು

ಮೂರು ವರ್ಷದ ಹಿಂದಿನ ಮಾತು. ಚೆನ್ನೈನಲ್ಲಿ ಮಕ್ಕಳ ಕಾರ್ ಸೀಟು ಮಾರುವ ಸಂಸ್ಥೆಯೊಂದರಲ್ಲಿ ನಾನು ಫಿಟ್ಟಿಂಗ್ ಕನ್ಸಲ್ಟೆಂಟ್ ಆಗಿದ್ದೆ, ಈಗಲೂ ಆಗಿದ್ದೇನೆ. ಹೆಸರು ದೊಡ್ಡದು, ಕೆಲಸ ಸರಳ. ಸೀಟು ಕೊಂಡವರ ಮನೆಗೆ ಹೋಗಿ, ಅದನ್ನು ಅವರ ಕಾರಿನಲ್ಲಿ ಸರಿಯಾಗಿ ಕೂರಿಸಿ, ಮಗುವಿಗೆ ಬೆಲ್ಟ್ ಹಾಕುವುದನ್ನು ಕಲಿಸಿ ಬರಬೇಕು. ಅದಕ್ಕೆ ಮೊದಲು ಬಹಳ ವರ್ಷ ಕಾರು ಕಾರ್ಖಾನೆಯಲ್ಲಿ ಸೀಟ್ ಬೆಲ್ಟ್ ಪರೀಕ್ಷಿಸುವ ವಿಭಾಗದಲ್ಲಿದ್ದೆ. ಅಲ್ಲಿ ಡಮ್ಮಿ ಗೊಂಬೆಗಳನ್ನು ಕೂರಿಸಿ ಕೂರಿಸಿ ಬೇಸತ್ತು, ಜೀವ ಇರುವ ಮಕ್ಕಳನ್ನು ಕೂರಿಸೋಣ ಎಂದು ಈ ಕಡೆ ಬಂದವಳು.

ಬಂದ ಮೇಲೆ ತಿಳಿಯಿತು, ಗೊಂಬೆಗಳೇ ವಾಸಿಯಾಗಿದ್ದವು. ನನಗೆ ಮಕ್ಕಳಿಲ್ಲ. ನಾನೂ ನನ್ನ ಗಂಡನೂ ಆಸ್ಪತ್ರೆ ಅಲೆದು, ಸಾಕು ಎಂದು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ನೋವು ಹಳತಾಗಿದೆ ಅಂದುಕೊಂಡಿದ್ದೆ. ಆದರೆ ದಿನಕ್ಕೆರಡು ಮನೆಯಲ್ಲಿ ಯಾರದೋ ಮಗುವಿನ ಭುಜಕ್ಕೆ ಬೆಲ್ಟ್ ಅಳತೆ ಮಾಡುವಾಗ, ಪಕ್ಕದಲ್ಲಿ ನಿಂತ ತಾಯಿ "ಅಯ್ಯೋ ಇವನ ಕಾಟ ತಡೆಯೋಕಾಗಲ್ಲ ಮೇಡಂ" ಎಂದರೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ನಗುತ್ತಿದ್ದೆ, ಬೆಲ್ಟ್ ಎಳೆಯುತ್ತಿದ್ದೆ, ಬೆಸೆಂಟ್ ನಗರದ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದೆ.

ದೀಪಾ ಎಂಬುವರ ಫೋನ್ ಬಂದದ್ದು ತಮಿಳರ ಆಡಿ ತಿಂಗಳ, ಎಂದರೆ ನಮ್ಮ ಆಷಾಢದ, ಸೆಕೆಯಲ್ಲಿ. ನನ್ನ ಕನ್ನಡ ಕೇಳಿ, "ಮೈಸೂರಿನವರಾ? ನಮ್ಮ ಕಡೆಯವರೇ ಸಿಕ್ಕಿದ್ರಲ್ಲ!" ಎಂದು ಖುಷಿಪಟ್ಟರು. ಅವರೂ ಮೈಸೂರಿನವರು, ಬ್ಯಾಂಕಿನಲ್ಲಿ ಕೆಲಸ. ಕೊಟ್ಟ ಮನೆ ಉಡುಪಿ ಕಡೆಯದು. ಗಂಡ ಗಣೇಶನೂ ಅವನ ಅಣ್ಣನೂ ಸೇರಿ ಕೋಯಂಬೇಡಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಮೇಲಿನ ಮಹಡಿಯಲ್ಲೇ ಎರಡೂ ಸಂಸಾರ. ದೀಪಾಗೆ ಒಂದೂಕಾಲು ವರ್ಷದ ಅವಳಿ ಮಕ್ಕಳು, ಶಮಂತ್ ಮತ್ತು ಇಳಾ. ಅಣ್ಣನ ಹೆಂಡತಿ ಜ್ಯೋತಿಗೆ ಆರು ವರ್ಷದ ಮಗಳು ಸಾನ್ವಿ. ಮನೆಗೆಲ್ಲ ಒಂದೇ ಕಾರು. ಮೂವರಿಗೂ ಹಿಂದಿನ ಸಾಲಿನಲ್ಲಿ ಸೀಟು ಹಾಕಬೇಕು.

"ಮೂರೂ ಹಿಡಿಸ್ತಾವಾ ಮೇಡಂ?" ಎಂದು ಕೇಳಿದ ದೀಪಾ, ಸ್ವಲ್ಪ ತಡೆದು, "ಹಿಡಿಸಲೇಬೇಕು" ಎಂದರು. ಆ ಒತ್ತನ್ನು ನಾನು ತಾಯಿಯ ಕಾಳಜಿ ಅಂದುಕೊಂಡೆ.

ಹೋದ ದಿನ ಕಾರು ಹೋಟೆಲಿನ ಹಿಂದಿನ ಅಂಗಳದಲ್ಲಿ ನೆರಳಿಗೆ ನಿಂತಿತ್ತು. ದೀಪಾ ಇಳಾಳನ್ನು ಎತ್ತಿಕೊಂಡು ನಿಂತಿದ್ದರು. ಶಮಂತ್ ಜ್ಯೋತಿಯ ಸೊಂಟದ ಮೇಲಿದ್ದ, ಅವರ ಕರಿಮಣಿ ಸರವನ್ನು ಬಾಯಲ್ಲಿಟ್ಟುಕೊಂಡು. ಸಾನ್ವಿ ಮೆಟ್ಟಿಲ ಮೇಲೆ ಕೂತು ನಮ್ಮೆಲ್ಲರನ್ನೂ ನೋಡುತ್ತಿದ್ದಳು. ಮೂರು ಮಕ್ಕಳು, ಇಬ್ಬರು ತಾಯಂದಿರು, ಕಾಫಿ ತಂದಿಟ್ಟು ಒಳಗೆ ಹೋದ ಗಣೇಶ. ಒಂದೇ ಮನೆಗೆ ಇಷ್ಟೊಂದು ಯಾಕೆ ಕೊಟ್ಟ ದೇವರು ಎಂದು ನನಗನಿಸಿತು. ಟೇಪು ತೆಗೆದೆ.

ಮೂರು ಸೀಟು ಸಾಲಾಗಿ ಕೂರಿಸುವುದು ಬರೀ ಅಗಲದ ಲೆಕ್ಕವಲ್ಲ. ಅವಳಿಗಳ ಸೀಟುಗಳು ಹಿಂದಕ್ಕೆ ಮುಖ ಮಾಡುವಂಥವು. ಅಷ್ಟು ಸಣ್ಣ ಮಕ್ಕಳ ಕತ್ತು ಎಳೆಯದು. ಕಾರು ಏಕಾಏಕಿ ನಿಂತರೆ ಆ ಹೊಡೆತವನ್ನು ಬೆನ್ನು ತೆಗೆದುಕೊಳ್ಳಬೇಕು, ಕತ್ತಲ್ಲ. ಅವುಗಳನ್ನು ಸಿಕ್ಕಿಸಲು ಕಾರಿನ ಸೀಟಿನ ಸಂದಿಯಲ್ಲಿ ಉಕ್ಕಿನ ಕೊಂಡಿಗಳಿರುತ್ತವೆ. ಇದಕ್ಕೆ ಐಸೋಫಿಕ್ಸ್ ಎನ್ನುತ್ತಾರೆ. ಈ ಕಾರಿನಲ್ಲಿ ಆ ಕೊಂಡಿಗಳಿದ್ದದ್ದು ಎರಡು ಕಿಟಕಿಗಳ ಪಕ್ಕ ಮಾತ್ರ. ಸಾನ್ವಿಯದು ಬೂಸ್ಟರ್, ಎಂದರೆ ದೊಡ್ಡವರ ಬೆಲ್ಟು ಮಗುವಿನ ಮೈಗೆ ಸರಿಯಾಗಿ ಕೂರುವಂತೆ ಎತ್ತರಿಸುವ ಸೀಟು. ಅದು ಮುಂದಕ್ಕೇ ಮುಖ ಮಾಡುತ್ತದೆ.

ಅವಳಿಗಳು ಅಕ್ಕಪಕ್ಕ ಇರಲಿ ಎಂದು ದೀಪಾ ಕೇಳಿದ್ದರಿಂದ ಒಂದು ಸೀಟನ್ನು ಬೆಲ್ಟಿನಿಂದ ನಡುವೆ ಕಟ್ಟಿ ನೋಡಿದೆ. ಎರಡೂ ಸೀಟುಗಳ ಅಗಲವಾದ ಭಾಗ ಒಂದಕ್ಕೊಂದು ತಾಗಿ, ನಡುವಿನದು ಓರೆಯಾಯಿತು. ಅಲ್ಲಾಡಿಸಿದರೆ ನಾಲ್ಕು ಬೆರಳು ಸರಿಯುತ್ತಿತ್ತು. ಅದು ನಪಾಸು. ಬಿಚ್ಚಿದೆ. ಆಮೇಲೆ ಅವಳಿಗಳನ್ನು ಎರಡು ಕಿಟಕಿಗೆ ಹಾಕಿ, ಬೂಸ್ಟರನ್ನು ನಡುವೆ ಇಳಿಸಿದೆ. ಹಿಂದೆ ನೋಡುವ ಸೀಟು ಮುಂಭಾಗದಲ್ಲಿ ಅಗಲ, ಬೂಸ್ಟರು ಭುಜದ ಹತ್ತಿರ ಅಗಲ. ಹೀಗೆ ತಿರುಗುಮುರುಗಾಗಿ ಇಟ್ಟಾಗ ಮೂರೂ ಒಂದರ ಸಂದಿಗೆ ಒಂದು ಬಂದು ಗಟ್ಟಿಯಾಗಿ ನಿಂತವು. ಪುಣ್ಯಕ್ಕೆ ನಡುವೆಯೂ ಭುಜದ ಮೇಲೆ ಬರುವ ಪೂರ್ತಿ ಬೆಲ್ಟಿತ್ತು.

ಬೆವರು ಒರೆಸಿಕೊಂಡು, "ಆಯಿತು, ಸಾನ್ವಿ ನಡುವೆ" ಎಂದೆ.

ಜ್ಯೋತಿ ಬಗ್ಗಿ ನೋಡಿದರು. "ನನ್ನ ಮಗಳನ್ನು ಸಂದಿಯಲ್ಲಿ ತುರುಕಿದ್ದಾ? ಕಿಟಕಿ ಎರಡೂ ಅವರಿಗೇ?"

"ಅಕ್ಕ, ನಡುವೆ ಅಂದ್ರೆ ಜಾಸ್ತಿ ಸೇಫ್ ಅಲ್ವಾ? ಪಕ್ಕದಿಂದ ಗುದ್ದಿದ್ರೆ ಮೊದಲು ಏಟು ಬೀಳೋದು ನನ್ನ ಮಕ್ಕಳಿಗೆ" ಎಂದರು ದೀಪಾ.

ಒಂದೇ ಜಾಗ. ಒಬ್ಬರಿಗೆ ಅದು ತಮ್ಮ ಮಗುವಿಗೆ ಆದ ಅವಮಾನ, ಇನ್ನೊಬ್ಬರಿಗೆ ಬೇರೆಯವರ ಮಗುವಿಗೆ ಸಿಕ್ಕ ಭಾಗ್ಯ. ಮೆಟ್ಟಿಲ ಮೇಲಿದ್ದ ಸಾನ್ವಿ ತಮಿಳಿನಲ್ಲಿ, "ನಾನ್ ನಡುವುಲ ಉಕ್ಕಾರ ಮಾಟ್ಟೇನ್" ಎಂದು ಬಿಟ್ಟಳು. ನಡುವೆ ಕೂರುವುದಿಲ್ಲವಂತೆ.

ಸರಿಯಾಗಿ ಕೂರಿಸಿದರೆ ಮೂರು ಜಾಗವೂ ಭದ್ರ ಎಂದು ನಾನು ವಿವರಿಸುತ್ತಿದ್ದೆ. ಜ್ಯೋತಿ ನಡುವೆಯೇ ಕೇಳಿದರು. "ಅದೆಲ್ಲ ಇರಲಿ ಮೇಡಂ. ನಾನು ಎಲ್ಲಿ ಕೂತುಕೊಳ್ಳುದು?"

ದೀಪಾ ಇಳಾಳ ಕೂದಲು ಸರಿಮಾಡತೊಡಗಿದರು. ಆಗ ನನಗೆ ಹೊಳೆಯಿತು. ಇಷ್ಟು ದಿನ ಹಿಂದಿನ ಸೀಟಿನಲ್ಲಿ ಜ್ಯೋತಿ ಕೂರುತ್ತಿದ್ದರು, ಅವರ ತೊಡೆಯ ಮೇಲೆ ಶಮಂತ್. ಮೂರು ಸೀಟು ಬಂದರೆ ಆ ತೊಡೆಗೆ ಜಾಗವಿಲ್ಲ. ಫೋನಿನಲ್ಲಿ "ಹಿಡಿಸಲೇಬೇಕು" ಎಂದದ್ದು ಇದಕ್ಕೆ.

"ಮಗು ನನ್ನ ಹತ್ರವೇ ಇರ್ತದೆ. ಇಷ್ಟು ದಿನ ಎಂತ ಆಗಿದೆ ಅದಕ್ಕೆ?" ಎಂದರು ಜ್ಯೋತಿ.

ನನ್ನ ವೃತ್ತಿ ಬಾಯಿ ತೆಗೆಯಿತು. ಜೋರಾಗಿ ಬ್ರೇಕ್ ಬಿದ್ದರೆ ಎಂಥವರ ಕೈಯೂ ಮಗುವನ್ನು ಹಿಡಿದುಕೊಳ್ಳಲಾರದು, ಕಾರ್ಖಾನೆಯಲ್ಲಿ ಕಣ್ಣಾರೆ ನೋಡಿದ್ದೇನೆ, ಬಿಟ್ಟುಹೋಗುತ್ತದೆ ಎಂದೆ.

"ನಾನು ಬಿಡುವವಳಲ್ಲ" ಎಂದರು ಅವರು.

ಅಲ್ಲಿಂದ ಮಾತು ಸೀಟಿನದಾಗಿ ಉಳಿಯಲಿಲ್ಲ. ಅವಳಿಗಳು ದಿನ ತುಂಬುವ ಮೊದಲೇ ಹುಟ್ಟಿದ್ದವಂತೆ. ಇಳಾ ತೀರಾ ಬಡಕಲು. ಅವಳ ಜೊತೆ ದೀಪಾ ವಾರಗಟ್ಟಲೆ ಆಸ್ಪತ್ರೆಯಲ್ಲೇ ಉಳಿದಾಗ, ಮನೆಗೆ ಕಳಿಸಿದ ಶಮಂತನನ್ನು ರಾತ್ರಿ ಹಗಲು ಎದೆಗವಚಿಕೊಂಡು ಸಾಕಿದ್ದು ಜ್ಯೋತಿ. ಸಾನ್ವಿಯ ಮೇಲೆ ಇನ್ನೊಂದು ಮಗುವಿಗಾಗಿ ಕಾದು ಕಾದು ಆಗದೆ ಇದ್ದವರು ಅವರು. ಈಗ ಶಮಂತ್ ಬಿದ್ದರೆ ಓಡುವುದು ದೊಡ್ಡಮ್ಮನ ಹತ್ತಿರ. ಮೊದಲ ಸಲ "ಅಮ್ಮ" ಎಂದದ್ದೂ ಅವರ ಮುಖ ನೋಡಿಯೇ.

"ನಿನಗೆ ದೇವರು ಎರಡು ಕೊಟ್ಟಿದ್ದಾನೆ. ಒಂದು ನನ್ನ ತೊಡೆಯಲ್ಲಿ ಕೂತರೆ ನಿನಗೆ ಕಡಿಮೆ ಆಗುದೆಂತ?" ಜ್ಯೋತಿಯ ಸ್ವರ ಒಡೆದಿತ್ತು.

"ಎರಡು ಎಲ್ಲಿ ಅಕ್ಕ? ನನಗಿರೋದು ಇವಳೊಬ್ಬಳೇ. ಅವನು ನನ್ನ ಹತ್ರ ಬರ್ತಾನಾ? ಕೇಳಿ ನೋಡಿ" ಎಂದು ದೀಪಾ ಅಳತೊಡಗಿದರು.

ಅಮ್ಮನನ್ನು ಕಂಡು ಇಳಾ ಅತ್ತಳು, ಅವಳನ್ನು ಕಂಡು ಶಮಂತ್. ಜ್ಯೋತಿಯ ಸೆರಗು ಕಾರಿನ ಬಾಗಿಲಿಗೆ ಸಿಕ್ಕಿತ್ತು. ಬಿಡಿಸಿಕೊಳ್ಳಲು, ಹತ್ತಿರವೇ ಇದ್ದ ನನ್ನ ಕೈಗೆ ಮಗುವನ್ನು ದಾಟಿಸಿದರು. ಶಮಂತ್ ನನ್ನ ಮುಖ ಒಂದು ಕ್ಷಣ ನೋಡಿದ. ಏನನ್ನಿಸಿತೋ, ಅಳು ನಿಲ್ಲಿಸಿ ನನ್ನ ಭುಜಕ್ಕೆ ತಲೆ ಹಾಕಿಬಿಟ್ಟ. ಆ ತೂಕ, ಕತ್ತಿಗೆ ತಗಲುವ ಬಿಸಿಯುಸಿರು. ಇಬ್ಬರು ಹೆಂಗಸರು ಒಂದು ಮಗುವಿಗಾಗಿ ಯಾಕೆ ಹೀಗೆ ಉರಿಯುತ್ತಿದ್ದಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ಇಬ್ಬರಲ್ಲಿ ಯಾರ ಜಾಗವಾದರೂ ಸರಿ, ನನಗೆ ಕೊಡಿ ಎನ್ನುವಂತಿತ್ತು ನನ್ನ ಮನಸ್ಸು.

"ಕೊಡಿ ಇಲ್ಲಿ."

ಇಬ್ಬರೂ ಒಟ್ಟಿಗೇ ಅಂದಿದ್ದರು. ಇಬ್ಬರ ಕೈಯೂ ಚಾಚಿತ್ತು, ಇಬ್ಬರೂ ನೋಡುತ್ತಿದ್ದದ್ದು ನನ್ನನ್ನು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಅಂಗಳಗಳಲ್ಲಿ ನಿಂತು ನಾನೇ ಬೇರೆಯವರನ್ನು ಹಾಗೆ ನೋಡಿದ್ದೇನೆ. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ತಾವಿಬ್ಬರೂ ಒಂದೇ ಮಾತು ಆಡಿದೆವೆಂದು ಅವರಿಗೂ ತಿಳಿಯಿತು. ದೀಪಾ ಕೈ ಹಿಂದೆ ತೆಗೆದರು. ಜ್ಯೋತಿಯೂ ತೆಗೆದರು. ಮಗು ನನ್ನ ಹತ್ತಿರವೇ ಉಳಿಯಿತು.

ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿರಬಹುದಿತ್ತು. ಆದರೆ ಕಿಟಕಿಯ ಪಕ್ಕದ ಸೀಟಿನಲ್ಲಿ ಅವನನ್ನು ಕೂರಿಸಿ ಬೆಲ್ಟ್ ಹಾಕಿದೆ. ಅವನು ಕಿರುಚಿದ. ದೀಪಾ ನನ್ನ ತೋಳು ಹಿಡಿದರು. "ಮೇಡಂ, ಇವನೊಬ್ಬನದು ಮುಂದಕ್ಕೆ ತಿರುಗಿಸಿ. ನಾನು ಮುಂದೆ ಕೂತಿರ್ತೀನಿ, ನನ್ನ ಮುಖ ಕಾಣಬೇಕು ಅವನಿಗೆ. ನಮ್ಮೂರಿನವರು ನೀವು, ಇಷ್ಟು ಮಾಡಿಕೊಡಿ."

"ಇನ್ನೂ ಕೆಲವು ವರ್ಷ ಆಗಲ್ಲ. ಕತ್ತು ಬಲಿಯಬೇಕು. ಈಗ ಮುಂದಿರುವವರು ಯಾರೂ ಅವನಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತ ಸಾನ್ವಿ ಮಾತ್ರ ಕಾಣುತ್ತಾಳೆ" ಎಂದೆ.

ಸಾನ್ವಿ ಮೆಟ್ಟಿಲಿನಿಂದ ಎದ್ದಳು. "ಅಮ್ಮಾ ಮೊಗಂ ಕೂಡ ತೆರಿಯಾದಾ?"

"ಇಲ್ಲ ಪುಟ್ಟ. ನಿನ್ನಮ್ಮನ ಮುಖವೂ ಕಾಣಿಸಲ್ಲ" ಎಂದೆ.

ಅವಳು ಬೇರೆ ಏನನ್ನೂ ಕೇಳದೆ ಹತ್ತಿ ನಡುವೆ ಕೂತಳು. ಒಂದೂಕಾಲು ವರ್ಷದಿಂದ ತನ್ನ ಅಮ್ಮನ ಸೊಂಟ ಬಿಡದ ಆ ಹುಡುಗನನ್ನು ಅವಳು ಹೇಗೆ ಸಹಿಸಿದ್ದಳೋ. ಅದು ನಮ್ಮ ಮೂವರಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಜ್ಯೋತಿ ಮಗಳನ್ನೇ ನೋಡುತ್ತ ನಿಂತುಬಿಟ್ಟರು. ಬೂಸ್ಟರಿನ ಪಕ್ಕದ ಇಕ್ಕಟ್ಟಿನಲ್ಲಿ ಬಕಲ್ ಹುಡುಕಿ, ಮಗಳ ಬೆಲ್ಟನ್ನು ಅವರೇ ಹಾಕಿದರು. ಹಾಕುವಾಗ ಅವಳ ಕೆನ್ನೆ ಮುಟ್ಟಿದರು.

ಪ್ರಯೋಗಕ್ಕೊಂದು ಸುತ್ತು ಹೋಗುವುದು ನಮ್ಮ ಪದ್ಧತಿ. ಇಳಾಳನ್ನು ಇನ್ನೊಂದು ಕಿಟಕಿಯ ಸೀಟಿನಲ್ಲಿ ಕೂರಿಸಿದೆ, ಗಣೇಶ ಒಳಗಿನಿಂದ ಬಂದು ಕಾರು ಹೊರಡಿಸಿದ. ಮುಂದೆ ಇದ್ದದ್ದು ಒಂದೇ ಸೀಟು. "ನೀನು ಹೋಗು. ತಾಯಿ ನೀನು" ಎಂದು ಜ್ಯೋತಿ ಗೇಟಿನ ಹತ್ತಿರ ಸರಿದು ನಿಂತರು. ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ.

ಮಾರ್ಕೆಟ್ಟಿಗೆ ತಿರುಗುವ ತರಕಾರಿ ಲಾರಿಗಳ ನಡುವೆ, ಸಿಗ್ನಲ್ಲಿನಲ್ಲಿ ಕಾರಿನ ಪಕ್ಕ ನಿಂತೆ. ಶಮಂತ್ ಮುಖ ಕೆಂಪಾಗಿ ಅರಚುತ್ತಿದ್ದ. ದೀಪಾ ಗಾಜಿಳಿಸಿ, "ದೊಡ್ಡಮ್ಮ ದೊಡ್ಡಮ್ಮ ಅಂತಿದಾನೆ. ತೆಗೆದು ಎತ್ಕೊಳ್ಳಲಾ?" ಎಂದರು. ಬೇಡವೆಂದೆ. ಅವರು ತುಟಿ ಕಚ್ಚಿಕೊಂಡು ಮುಂದೆ ತಿರುಗಿದರು. ಹಿಂದೆ ಸಾನ್ವಿ ಮೊದಲು ಕಿವಿ ಮುಚ್ಚಿಕೊಂಡಿದ್ದಳು. ಮುಂದಿನ ಸಿಗ್ನಲ್ಲಿಗೆ ಬರುವಾಗ ಅವಳ ಒಂದು ಬೆರಳು ಅವನ ಮುಷ್ಟಿಯೊಳಗಿತ್ತು. ಮುಖ ಮಾತ್ರ ಸಿಡುಕಾಗೇ ಇತ್ತು. ವಾಪಸು ಬರುವಷ್ಟರಲ್ಲಿ ಅವನು ಬಿಕ್ಕುತ್ತಲೇ ನಿದ್ದೆ ಹೋಗಿದ್ದ.

ಜ್ಯೋತಿ ಗೇಟಿನಲ್ಲೇ ಇದ್ದರು. ಕಾರು ನಿಲ್ಲುವ ಮೊದಲೇ ಕೇಳಿದರು. "ಮರ್ಕಿದನಾ?" ಅತ್ತನಾ ಎಂದು.

ಇಲ್ಲ ಎಂದು ದೀಪಾ ಸುಲಭವಾಗಿ ಹೇಳಬಹುದಿತ್ತು. ಮಗು ಮಲಗಿತ್ತು, ದೊಡ್ಡವರಲ್ಲಿ ಸಾಕ್ಷಿಗಿದ್ದದ್ದು ಗಂಡ ಮತ್ತು ನಾನು. ಅವರು ಇಳಿದು, ಬಾಗಿಲು ಹಿಡಿದುಕೊಂಡು ನಿಂತರು.

"ತುಂಬಾ ಅತ್ತ ಅಕ್ಕ. ನಿಮ್ಮನ್ನೇ ಕೇಳಿದ." ಆಮೇಲೆ, "ನಾಳೆ ಹೊರಗೆ ಹೋಗೋವಾಗ ನೀವು ಮುಂದೆ ಕೂತ್ಕೊಳ್ಳಿ. ನಾನು ಆಟೋದಲ್ಲಿ ಬರ್ತೀನಿ" ಎಂದರು.

ಜ್ಯೋತಿ ಸಾನ್ವಿಯನ್ನು ಇಳಿಸಿಕೊಂಡು, ಆರು ವರ್ಷದ ಹುಡುಗಿಯನ್ನು ಸೊಂಟಕ್ಕೇರಿಸಿ ಮೆಟ್ಟಿಲು ಹತ್ತಿದರು. ಮಲಗಿದ ಶಮಂತನನ್ನು ಎತ್ತಿಕೊಳ್ಳಲು ದೀಪಾ ಬಗ್ಗಿದರು. ಬಕಲ್ ಒತ್ತುವುದು ಹೇಗೆಂದು ನಾನು ತೋರಿಸಿದೆ.

ಅವರ ಮನೆಯ ಮತ್ಸರ ಆವತ್ತಿಗೆ ಮುಗಿಯಿತೆಂದು ನಾನು ನಂಬುವುದಿಲ್ಲ. ನನ್ನದೂ ಮುಗಿದಿಲ್ಲ. ಆದರೆ ಆ ಮನೆಯಿಂದ ಬಂದ ಮೇಲೆ ನನ್ನ ಕೆಲಸದ ಕ್ರಮ ಬದಲಾಯಿತು. ಕಾರು ನೋಡುವ ಮೊದಲು, ಟೇಪು ತೆಗೆಯುವ ಮೊದಲು, ಮಗು ಇಷ್ಟು ದಿನ ಯಾರ ತೊಡೆಯ ಮೇಲೆ ಕೂರುತ್ತಿತ್ತು ಎಂದು ಕೇಳುತ್ತೇನೆ. ಅಜ್ಜಿಯೋ ಅತ್ತೆಯೋ ದೊಡ್ಡಮ್ಮನೋ, ಅವರನ್ನೇ ಕರೆದು ನನ್ನ ಪಕ್ಕ ನಿಲ್ಲಿಸಿಕೊಳ್ಳುತ್ತೇನೆ. ಮೊದಲ ಬೆಲ್ಟನ್ನು ಅವರ ಕೈಯಿಂದಲೇ ಹಾಕಿಸುತ್ತೇನೆ.