ವರ್ನಾ ಕೆಸ್ಲರ್ ತೆಗೆದ ಗೇಟು

ನಮ್ಮ ಆಲ್ಡರ್ ಗ್ಲೆನ್ ಬಡಾವಣೆಯಲ್ಲಿ ವರ್ನಾ ಕೆಸ್ಲರ್ ಯಾರ ಮಾತಿಗೂ ಎದುರಾಡಿದವಳಲ್ಲ. ಅವಳ ಮನೆಯ ಪಕ್ಕದ ಓಣಿ ಹಿಡಿದರೆ ರೈಲ್ವೆ ಸ್ಟೇಷನ್ ಕೂಗಳತೆಯಲ್ಲಿದೆ. ಓಣಿಯ ಬಾಯಲ್ಲಿ ಕಬ್ಬಿಣದ ಗೇಟು. ಸಂಜೆ ಬೀಗ ಹಾಕಿ ಬೆಳಿಗ್ಗೆ ತೆಗೆಯುವ ಕೆಲಸವನ್ನು ಬೀದಿಯವರು ಯಾವ ಕಾಲದಲ್ಲೋ ಅವಳ ತಲೆಗೆ ಕಟ್ಟಿದ್ದರು. ಜ್ವರ ಬಂದಾಗಲೂ ಅವಳು ತಪ್ಪಿಸಿದವಳಲ್ಲ.

ಸ್ಟೇಷನ್ ಹತ್ತಿರ ಎತ್ತರದ ಕಟ್ಟಡಗಳಿಗೆ ಅನುಮತಿ ಕೊಡಲೇಬೇಕು ಎಂದು ರಾಜ್ಯ ಕಾನೂನು ಮಾಡಿದಾಗ ನಮ್ಮವರ ನಿದ್ದೆ ಹಾರಿತು. ಬೀದಿಯ ಚರ್ಚು ತನ್ನ ಖಾಲಿ ಜಾಗದಲ್ಲಿ ಕಡಿಮೆ ಬಾಡಿಗೆಯ ಫ್ಲ್ಯಾಟು ಕಟ್ಟಿಸಲು ಹೊರಟಿತ್ತು. ಆದರೆ ಸ್ಟೇಷನ್ನಿಗೆ ನಡೆದು ಹೋಗುವ ದಾರಿ ಒಂದು ಮೈಲಿ ದಾಟಿದರೆ ಅಂಥ ಜಾಗಕ್ಕೆ ನಗರಸಭೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟು ಕಟ್ಟಡವನ್ನು ತಡೆಯಬಹುದಿತ್ತು. ಇದನ್ನು ಹುಡುಕಿ ತೆಗೆದವನು ನಿವಾಸಿಗಳ ಸಂಘದ ಅಧ್ಯಕ್ಷ ಡ್ವೈಟ್ ಹಾಲ್ವರ್ಸನ್. ಗೇಟು ಮುಚ್ಚಿದರೆ ಹೆದ್ದಾರಿ ಸುತ್ತಿ ಬರಬೇಕು, ಆಗ ದಾರಿ ಮೈಲಿ ದಾಟುತ್ತಿತ್ತು. ಸ್ಟೇಷನ್ ಪಕ್ಕದಲ್ಲೇ ಇದೆ ಎಂದು ಜಂಬ ಕೊಚ್ಚುತ್ತಿದ್ದ ನಾವು ಈಗ ಅದನ್ನೇ ದೂರ ಮಾಡಲು ಹೊರಟಿದ್ದೆವು, ನಾಚಿಕೆಗೇಡು.

"ನಗರಸಭೆಯವರು ದಾರಿ ಅಳೆಯೋಕೆ ಬರೋ ದಿನ ನೀನು ಬೀಗ ತೆಗೀಬೇಡ, ಅಷ್ಟೇ. ಕೇಳಿದ್ರೆ ಇಲ್ಲಿ ಯಾರೂ ಓಡಾಡಲ್ಲ ಅನ್ನು," ಎಂದ ಡ್ವೈಟ್.

ವರ್ನಾ ಹೆದರಿ ಹೂಂ ಎಂದು ತಲೆಯಾಡಿಸಿದಳು. ಹಾಸಿಗೆ ಹಿಡಿದ ಅವಳ ಗಂಡನನ್ನು ನೋಡಿಕೊಳ್ಳುವ ಮಾರಿವಿಕ್ ಫಿಲಿಪೀನ್ಸಿನವಳು. ದಿನಾ ಎರಡು ರೈಲು ಬದಲಿಸಿ, ಅದೇ ಓಣಿಯಲ್ಲಿ ಬರುತ್ತಿದ್ದಳು. ಚರ್ಚಿನ ಫ್ಲ್ಯಾಟಿಗೆ ಹೆಸರು ಕೊಟ್ಟು ಆಸೆಯಿಂದ ಕಾಯುತ್ತಿದ್ದಳು. ಅವಳಿಗೆ ಈ ವಿಷಯ ಹೇಳಲು ವರ್ನಾಳಿಗೆ ಬಾಯೇ ಬರಲಿಲ್ಲ.

ಆ ಬೆಳಿಗ್ಗೆ ನಗರಸಭೆಯವನು ಅಳತೆಯ ಚಕ್ರ ಉರುಳಿಸಿಕೊಂಡು ಬಂದ. ನಾವೆಲ್ಲ ಗೇಟಿನ ಮುಂದೆ ಜಮಾಯಿಸಿದ್ದೆವು.

"ಈ ಓಣೀಲಿ ಜನ ಓಡಾಡ್ತಾರಾ ಮೇಡಂ?"

ವರ್ನಾ ಬಾಯಿ ತೆರೆಯುವ ಮೊದಲೇ ಆಚೆಯಿಂದ ಗೇಟು ಅಲುಗಾಡಿತು. ರೈಲಿಳಿದು ಬಂದ ಮಾರಿವಿಕ್!

"ನೀವು ದಿನಾ ಈ ಕಡೆಯಿಂದಾನೇ ಬರ್ತೀರಾ?" ಅವನು ಕಂಬಿಗಳ ನಡುವೆ ಕೇಳಿದ.

ಮಾರಿವಿಕ್ ಬೀಗ ನೋಡಿದಳು, ಚಕ್ರ ನೋಡಿದಳು. ವಿನಾಯಿತಿಯ ಮಾತು ಊರಿಗೆಲ್ಲ ಗೊತ್ತಿತ್ತು, ಅವಳಿಗೆ ಅರ್ಥವಾಗದೆ ಇರುತ್ತದೆಯೇ? ಕೊನೆಗೆ ವರ್ನಾಳ ಬಿಳಿಚಿದ ಮುಖ ನೋಡಿದಳು.

"ಇಲ್ಲ ಸರ್, ದಾರಿ ತಪ್ಪಿ ಬಂದೆ. ಸುತ್ಕೊಂಡು ಬರ್ತೀನಿ, ಮಿಸ್ ವರ್ನಾ," ಎಂದು ತಿರುಗಿ ನಡೆದಳು.

ವರ್ನಾಳ ಮಾನ ಉಳಿಸಲು ತನಗೆ ಸಿಗಬೇಕಿದ್ದ ಮನೆಯನ್ನೇ ಕೈಬಿಟ್ಟಳಲ್ಲ! ನನಗೆ ಕಣ್ಣು ತುಂಬಿತು. ಡ್ವೈಟ್ ಮಾತ್ರ ಹಲ್ಲುಕಿರಿದ. "ಕೇಳಿದ್ರಲ್ಲ ಸರ್, ಬರ್ಕೊಳ್ಳಿ."

"ಬರ್ಕೋಬೇಡಿ." ವರ್ನಾ ಕೀಲಿ ತೆಗೆದು ಗೇಟಿನತ್ತ ಹೋದಳು. ಮೊದಲ ಸಲ ಕೀಲಿ ಬೀಗದೊಳಗೆ ಹೋಗಲಿಲ್ಲ.

"ವರ್ನಾ, ಆಮೇಲೆ ಈ ಬೀದೀಲಿ ನಿನ್ನನ್ನ ಯಾರೂ ಮಾತಾಡಿಸಲ್ಲ, ನೆನಪಿರಲಿ!" ಎಂದ ಡ್ವೈಟ್.

"ಮಾತಾಡಿಸ್ಬೇಡಿ, ಹೋಗಿ." ಬೀಗ ಕಳಚಿತು. "ಏ ಮಾರಿವಿಕ್, ಎಲ್ಲಿಗ್ ಹೊರಟೆ? ದಿನಾ ಬರೋ ದಾರೀಲೇ ಬಾರೇ!"

ಮಾರಿವಿಕ್ ಅಳುತ್ತ ಒಳಗೆ ಬಂದಳು. ನಗರಸಭೆಯವನು ಚಕ್ರದ ಅಳತೆಯನ್ನು ಸೊನ್ನೆಗೆ ತಂದು, ಚರ್ಚಿನ ಜಾಗಕ್ಕೆ ಹೋಗಿ ತೆರೆದ ಗೇಟಿನ ದಾರಿಯನ್ನು ಮೊದಲಿನಿಂದ ಅಳೆಯತೊಡಗಿದ.