ಕಚ್ಚಿದ ರೊಟ್ಟಿಯಂಥ ಕಲ್ಲು

ಕುಂದಾಣದ ಗಂಗಣ್ಣ ದೇವನಹಳ್ಳಿಗೆ ಹೋಗುವಾಗ ಹೊಸ ಜಲ್ಲಿ ರಸ್ತೆಗೆ ಕಾಲಿಡುತ್ತಿರಲಿಲ್ಲ. ಬಿಸಿಲಿರಲಿ, ಕೆಸರಿರಲಿ, ಹೊಲದ ಬದುವಿನ ಮೇಲೇ ನಡೆಯುತ್ತಿದ್ದ. ತಲೆ ಕೆಟ್ಟಿದೆ ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು!

ನಲವತ್ತೊಂದರ ಪ್ಲೇಗಿನಲ್ಲಿ ಊರಿಗೆ ಊರೇ ಬೆಟ್ಟದ ಬುಡದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಲ್ಲೇ ಅವನ ಒಬ್ಬಳೇ ಮಗಳು ಕದಿರಮ್ಮ ತೀರಿಕೊಂಡಳು. ಒಂಬತ್ತು ವರ್ಷದ ಕೂಸು. ಬೆಟ್ಟದ ಮೇಲಿನ ಪಾಂಡವರ ಮನೆಯ ಪಕ್ಕ ಅವಳನ್ನು ಮಣ್ಣು ಮಾಡಿದ. ಯಾವ ಕಾಲದವರೋ ತಮ್ಮ ಸತ್ತವರನ್ನಿಟ್ಟು ಕಟ್ಟಿದ ದಿಬ್ಬ ಅದು. ಸುತ್ತ ಗುಂಡುಕಲ್ಲು, ನಡುವೆ ಚಪ್ಪಡಿಯ ಕೋಣೆ, ಮುಂದಿನ ಚಪ್ಪಡಿಯಲ್ಲಿ ತಲೆ ತೂರುವಷ್ಟು ದುಂಡನೆಯ ತೂತು. ಅದರ ಕಲ್ಲು ಮುಟ್ಟಿದವನ ಮನೆ ಹಾಳಾಗುತ್ತದೆಂದು ಸುತ್ತೂರೆಲ್ಲ ಹೆದರುತ್ತಿತ್ತು. ಇದಕ್ಕಿಂತ ಗಟ್ಟಿ ಗುರುತು ಬೇಕೇ ಎಂದುಕೊಂಡ ಗಂಗಣ್ಣ ಮಗಳ ತಲೆದೆಸೆಗೆ ಬೇರೆ ಕಲ್ಲು ನೆಡಲೇ ಇಲ್ಲ.

ಮಾರನೇ ವರ್ಷ ಮಿಲಿಟರಿ ಲಾರಿಗಳಿಗೆಂದು ದೇವನಹಳ್ಳಿಯ ಜಲ್ಲಿ ರಸ್ತೆ ಕೆಲಸ ಶುರುವಾಯಿತು. ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟು ರಸ್ತೆ ಬದಿಯಲ್ಲೇ ಬಿಡಾರ ಮಾಡಿಕೊಂಡು ಜಲ್ಲಿ ಒಡೆದರು. ಗಾಡಿಯಲ್ಲಿ ಬಂದ ಒಂದು ಚಪ್ಪಡಿ ತುಂಡಿನ ಅಂಚು ಒಳಕ್ಕೆ ಬಾಗಿತ್ತು.

“ಕಚ್ಚಿದ ರೊಟ್ಟಿ ಇದ್ದಂಗದೆ ನೋಡು,” ಎಂದು ಹೆಂಡತಿ ಸೊಣ್ಣಮ್ಮ ನಕ್ಕಳು. ಮಗಳು ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ದಿನಾ ಅದರ ಮೇಲೆ ಕೂತೇ ಮುದ್ದೆ ಉಣ್ಣುತ್ತಿದ್ದಳು. ಕೊನೆಯ ದಿನ ಜಲ್ಲಿ ಸಾಲದೆ ಮೇಸ್ತ್ರಿ ಕೂಗಾಡಿದಾಗ ಗಂಗಣ್ಣ ಅದನ್ನೂ ಒಡೆದು ಹಾಕಿದ.

ಊರಿಗೆ ಮರಳಿದ ವರ್ಷವೇ ಸೊಣ್ಣಮ್ಮ ಹಾಸಿಗೆ ಹಿಡಿದಳು. “ಮಗೀನ ಪಕ್ಕದಲ್ಲೇ ನನ್ನ ಮಣ್ ಮಾಡ್ಬೇಕು. ಭಾಸೆ ಕೊಡು,” ಎಂದಳು. ಕೊಟ್ಟ. ಜಾಗ ನೋಡಿಬರೋಣವೆಂದು ಬೆಟ್ಟ ಹತ್ತಿದರೆ, ಅಯ್ಯೋ ಶಿವನೇ, ದಿಬ್ಬವೇ ಇಲ್ಲ! ಎದೆಮಟ್ಟ ಲಾಂಟಾನ ಪೊದೆ. ಮೂರು ದಿನ ಮಚ್ಚಿನಿಂದ ಕಡಿಯುತ್ತ ಹುಡುಕಿದ.

ಕುರಿ ಮೇಯಿಸುವ ಮುದುಕ ನರಸಿಂಹಯ್ಯ ಸಿಕ್ಕಿದ. “ಹೊರಗಿನ ಕೂಲಿಯೋರು ಕಣಪ್ಪಾ. ಅವ್ರಿಗೇನ್ ಗೊತ್ತು ಪಾಂಡವ್ರು? ಕಲ್ಲೂ ಹೊತ್ರು, ದಿಬ್ಬದ ಮಣ್ಣೂ ಹೊತ್ರು. ಎಲ್ಲಾ ರಸ್ತೆಗೆ.”

ನಾಲ್ಕನೆಯ ದಿನ ಅಗೆದ ಹಳ್ಳಗಳ ನಡುವೆ ಮಚ್ಚು ಕಲ್ಲಿಗೆ ತಗುಲಿತು. ಅರ್ಧ ಚಪ್ಪಡಿ. ಅದರ ಅಂಚೂ ಅರ್ಧ ತೂತಿನಷ್ಟು ಒಳಕ್ಕೆ ಬಾಗಿತ್ತು. ಇನ್ನರ್ಧ ಏನಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲೇ ಕುಸಿದು ಬಾಯಿಬಿಟ್ಟು ಅತ್ತ.

“ಸಿಕ್ತಾ?” ಎಂದಳು ಸೊಣ್ಣಮ್ಮ, ಅವನು ಮನೆಗೆ ಬರುತ್ತಲೇ.

“ಸಿಕ್ತು ಕಣೇ.”

“ತೂತಿನ ಕಲ್ಲು ಹಂಗೇ ಅದಾ?”

“ಹಂಗೇ ಅದೆ.”

ಅವತ್ತು ಅವಳು ಎರಡು ಗುಟುಕು ಗಂಜಿ ಕುಡಿದಳು. ವಾರದೊಳಗೆ ಸತ್ತಳು. ಆ ಅರ್ಧ ಕಲ್ಲಿನ ಹತ್ತಿರ ಗಂಗಣ್ಣ ಗುಂಡಿ ತೋಡಿದ. ಮಗಳು ಅದರ ಎಡಕ್ಕಿದ್ದಾಳೋ, ಬಲಕ್ಕಿದ್ದಾಳೋ, ದಿಬ್ಬದ ಮಣ್ಣಿನ ಜೊತೆ ಗಾಡಿಯೇರಿ ರಸ್ತೆಗೇ ಹೋದಳೋ, ಅವನಿಗೆ ಗೊತ್ತಿರಲಿಲ್ಲ.